ಒಂದು ಪದ, ಎರಡು ನೋಟ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಳಗೇರಿ ಕ್ರಾಸ್ ಇದೆ. ಬಾದಾಮಿಯ ದಾರಿ ಅಲ್ಲಿ ಕವಲೊಡೆಯುತ್ತದೆ. ಬಸ್ಸಿಗೆ ಕಾದು ನಿಂತವನೊಬ್ಬ ಪಕ್ಕದವರ ಬುತ್ತಿಯ ರೊಟ್ಟಿಯತ್ತ ಕಳ್ಳನೋಟ ಬೀರಿದನೆನ್ನಿ. ಅಲ್ಲಿಯೇ ತಾಯಿಯ ಸೊಂಟದ ಮೇಲಿರುವ ಮಗುವಿನ ಒಂದು ಕಣ್ಣು ನೇರವಾಗಿದ್ದು, ಇನ್ನೊಂದು ಮೂಗಿನ ಕಡೆ ಹೊರಳಿದೆ ಎನ್ನಿ. ಈ ಇಬ್ಬರಿಗೂ ಜರ್ಮನ್ ಭಾಷೆಯಲ್ಲಿ ಒಂದೇ ಕ್ರಿಯಾಪದ ಸಲ್ಲುತ್ತದೆ: ‘ಷೀಲೆನ್’.

ಜರ್ಮನ್ ನುಡಿ ಈ ಸೀಮೆಗೆ ತೀರ ಅಪರಿಚಿತವೇನಲ್ಲ. 19ನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡ, ಹುಬ್ಬಳ್ಳಿ, ಗುಳೇದಗುಡ್ಡಗಳಲ್ಲಿ ನೆಲೆಸಿದ್ದರು. ಆ ಮಿಶನ್ನಿನಿಂದ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರ ಮಾತೃಭಾಷೆ ಜರ್ಮನ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಮಹಾನಿಘಂಟಿನಲ್ಲಿ ಅವರು ಕನ್ನಡ ಪದಗಳಿಗೆ ಅರ್ಥ ಕೊಟ್ಟುದು ಇಂಗ್ಲಿಷಿನಲ್ಲಿ. ಒಂದು ಭಾಷೆಯ ಪದ ಇನ್ನೊಂದರಲ್ಲಿ ಸರಿಯಾಗಿ ಕೂಡುವುದು ಎಷ್ಟು ಕಷ್ಟವೆಂದು ಅಂಥವರು ಬಲ್ಲರು.

‘ಎಡಗಣ್ಣಿನಲ್ಲಿ ಷೀಲೆನ್’ ಎಂದರೆ ಆ ಕಣ್ಣು ಮೆಳ್ಳಗಣ್ಣು ಎಂದರ್ಥ. ‘ಕಡೆಗೆ’ ಎಂಬರ್ಥದ ‘ನಾಖ್’ ಅದರೊಡನೆ ಸೇರಿದರೆ, ಓರೆಗಣ್ಣಿನಿಂದ ನೋಡುವುದು, ಆಸೆಪಟ್ಟು ಕಣ್ಣು ಹಾಕುವುದು ಎಂದಾಗುತ್ತದೆ. ಮೊದಲನೆಯದು ತಾನಾಗಿ ಬಂದ ದೋಷ. ಎರಡನೆಯದು ಮನುಷ್ಯ ಬೇಕೆಂದೇ ಮಾಡುವ ಕೆಲಸ. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾತುಗಳಿವೆ. ಭಾಷಾಂತರಕಾರನು ವಾಕ್ಯವನ್ನು ಪೂರ್ತಿ ನೋಡಿಯೇ ಪದವನ್ನು ಆರಿಸಬೇಕು.

ಆದರೆ ಮಾತು ಬೇರೆಯಾದ ಮಾತ್ರಕ್ಕೆ ನಮ್ಮ ನಡತೆ ನೆಟ್ಟಗಿದೆಯೇ? ಮಗುವನ್ನು ‘ಮೆಳ್ಳ’ ಎಂದು ಕರೆದು ನಗುವವರುಂಟು. ಮೆಳ್ಳಗಣ್ಣು ಅದೃಷ್ಟದ ಗುರುತೆಂದು ಸುಮ್ಮನಿರುವವರೂ ಉಂಟು. ಎರಡರಿಂದಲೂ ನಷ್ಟ ಮಗುವಿಗೇ. ಎರಡು ಕಣ್ಣು ಎರಡು ಕಡೆ ನೋಡಿದಾಗ, ಎಳೆಯ ಮಿದುಳು ಹೊರಳಿದ ಕಣ್ಣಿನ ಚಿತ್ರವನ್ನು ಕೈಬಿಡುತ್ತದೆ. ಹಾಗೆಯೇ ಬಿಟ್ಟರೆ ಆ ಕಣ್ಣಿನ ದೃಷ್ಟಿ ಶಾಶ್ವತವಾಗಿ ಮಂದವಾಗಬಹುದು. ಕನ್ನಡಕ, ಒಳ್ಳೆಯ ಕಣ್ಣಿಗೆ ಕೆಲಹೊತ್ತು ಪಟ್ಟಿ ಕಟ್ಟಿ ಮಂದಗಣ್ಣನ್ನು ದುಡಿಸುವುದು, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ—ಇವು ಉಪಾಯಗಳು. ಶಾಲೆಗೆ ಸೇರುವ ಮೊದಲೇ ಆರಂಭಿಸಿದರೆ ಗುಣ ಹೆಚ್ಚು.

ಹಸುಗೂಸಿನ ಕಣ್ಣು ಆಗಾಗ ಹೊರಳುವುದು ಸಹಜ. ನಾಲ್ಕು ತಿಂಗಳಾದ ಮೇಲೂ ಹೊರಳುತ್ತಿದ್ದರೆ, ಅಥವಾ ಸದಾ ಹೊರಳಿಯೇ ಇದ್ದರೆ, ಕಣ್ಣಿನ ವೈದ್ಯರಿಗೆ ತೋರಿಸಿ. ‘ಬೆಳೆದರೆ ಸರಿಹೋದೀತು’ ಎಂದು ಕಾಯಬೇಡಿ.