ದಾನಿಯೇಲ ಒಬ್ಬನೇ ಇರಲಿಲ್ಲ



ಓರಗೆಯವರ ಒತ್ತಡದ ಕುರಿತ ಈ ವಿಚಾರ ಸಂಕಿರಣದ ಆಶಯ ಭಾಷಣಕ್ಕೆ ನನ್ನನ್ನು ಕರೆದದ್ದು ವಿದ್ವತ್ತಿಗಿಂತ ನರೆತ ತಲೆಗೆ ಕೊಟ್ಟ ಮರ್ಯಾದೆ ಎಂದು ಬಲ್ಲೆ. ನಲವತ್ತು ವರ್ಷ ಭಾನುವಾರ ಶಾಲೆಯಲ್ಲಿ ಪಾಠ ಹೇಳಿದವನಿಗೆ ಜ್ಞಾನ ಬೆಳೆಯದಿದ್ದರೂ ಹಟವಂತೂ ಬೆಳೆದಿರುತ್ತದೆ. ಇವತ್ತು ಆ ಹಟವನ್ನೇ ನಿಮ್ಮ ಮುಂದಿಡುತ್ತೇನೆ.

ಓರಗೆಯವರ ಒತ್ತಡ ಎಂಬ ಮಾತು ನಾನು ಹುಡುಗನಾಗಿದ್ದಾಗ ಇರಲಿಲ್ಲ. ಒತ್ತಡ ಮಾತ್ರ ಇತ್ತು. ಈ ಬಿನ್ನಿಪೇಟೆಗೆ ಹೆಸರು ತಂದದ್ದು 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದ ಬಟ್ಟೆ ಮಿಲ್ಲು. ಅದರ ಸೈರನ್ ಕೂಗಿದರೆ ನಮ್ಮ ಮನೆಯಲ್ಲಿ ಒಲೆ ಹತ್ತುತ್ತಿತ್ತು. ನಮ್ಮ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಒಂದೇ ನಲ್ಲಿಯ ಮುಂದೆ ಕ್ಯೂ ನಿಲ್ಲುತ್ತಿದ್ದವು. ಈಗ ಮಿಲ್ಲಿನ ಜಾಗದಲ್ಲಿ ಮಾಲು ಬಂದಿದೆ, ತಲೆ ಎತ್ತಿ ನೋಡಬೇಕಾದ ಅಪಾರ್ಟ್‌ಮೆಂಟುಗಳು ಬಂದಿವೆ. ಬೀಡಿ ಹೋಗಿ ವೇಪ್ ಬಂದಿದೆ, ಕಾಂಪೌಂಡಿನ ಹಿಂದಿನ ಜಾಗ ಹೋಗಿ ವಾಟ್ಸಾಪ್ ಗುಂಪು ಬಂದಿದೆ. ಶಾಲೆಯಿಂದ ನೂರು ಗಜದೊಳಗೆ ಸಿಗರೇಟು ಮಾರಬಾರದೆಂದು 2003ರ ಕಾನೂನು ಹೇಳುತ್ತದೆ. ಒಳ್ಳೆಯ ಕಾನೂನು. ಆದರೆ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಸಿಗರೇಟು ಕೊಡುವುದು ಅಂಗಡಿಯವನಲ್ಲ, ಪಕ್ಕದ ಬೆಂಚಿನವನು. ಬೇಡ ಎಂದರೆ 'ಏನೋ ಪಾದ್ರಿ!' ಎನ್ನುತ್ತಾನೆ. ಆ ಒಂದು ಮಾತಿಗೆ ನಮ್ಮ ಮಕ್ಕಳು ಎಷ್ಟು ಹೆದರುತ್ತಾರೆಂದು ಇಲ್ಲಿರುವ ಶಿಕ್ಷಕರಿಗೆ ನಾನು ಹೇಳಬೇಕಿಲ್ಲ.

ಇದಕ್ಕೆ ನಾವು ಏನು ಕೊಟ್ಟಿದ್ದೇವೆ? ಒಂದು ಕಂಠಪಾಠ ವಾಕ್ಯ, ಒಂದು ಫ್ಲಾನೆಲ್ ಬೋರ್ಡಿನ ಚಿತ್ರ, ಮತ್ತು ಬೈಬಲಿನ ದಾನಿಯೇಲ. ನಮ್ಮ ಭಾನುವಾರ ಶಾಲೆ ದಾರಿ ತಪ್ಪಿದ್ದು ಈ ದಾನಿಯೇಲನ ಹತ್ತಿರವೇ ಎಂಬುದು ನನ್ನ ಹಟ.

ಸಿಂಹದ ಗವಿಯ ಚಿತ್ರ ನೆನಪಿಸಿಕೊಳ್ಳಿ. ನಾವು ತೋರಿಸುವ ಚಿತ್ರಗಳಲ್ಲಿ ದಾನಿಯೇಲನಿಗೆ ಇಪ್ಪತ್ತು ಇಪ್ಪತ್ತೈದು ವಯಸ್ಸು, ಕಪ್ಪು ಗಡ್ಡ. ಲೆಕ್ಕ ಹಾಕಿದರೆ ಆ ಹೊತ್ತಿಗೆ ಅವನಿಗೆ ಎಂಬತ್ತು ದಾಟಿರಬೇಕು. ನೆಬೂಕದ್ನೆಚ್ಚರ ಹೋಗಿ, ಬಾಬೆಲೇ ಬಿದ್ದು, ದಾರ್ಯಾವೆಷನ ಆಳ್ವಿಕೆ ಬಂದಿತ್ತು. ಎಂಬತ್ತರ ಅಜ್ಜನ ಧೈರ್ಯವನ್ನು ನಾವು ಎಂಟನೇ ಕ್ಲಾಸಿನ ಹುಡುಗನಿಂದ ಕೇಳುತ್ತಿದ್ದೇವೆ!

ಹುಡುಗ ದಾನಿಯೇಲ ಬೇಕೆಂದರೆ ಅವನ ಗ್ರಂಥದ ಮೊದಲ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ಅವನು ಒಬ್ಬನೇ ಇಲ್ಲ. ಹನನ್ಯ, ಮೀಶಾಯೇಲ, ಅಜರ್ಯ ಜೊತೆಗಿದ್ದಾರೆ. ಇನ್ನೊಂದು ವಿಷಯ ನೋಡಿ. ಅರಮನೆಯವರು ಅವನ ಹೆಸರು ಬದಲಿಸಿದರು, ಬೇಲ್ತೆಶಚ್ಚರ ಎಂದು ಕರೆದರು. ಜಗಳವಾಡಲಿಲ್ಲ. ಕಸ್ದೀಯರ ಭಾಷೆ, ವಿದ್ಯೆ ಕಲಿಯಲು ಮೂರು ವರ್ಷದ ತರಬೇತಿಗೆ ಹಾಕಿದರು. ಕಲಿತ. ಊಟದ ಹತ್ತಿರ ಮಾತ್ರ ನಿಂತ. ನಿಂತದ್ದೂ ತಟ್ಟೆ ತಳ್ಳಿ ಅಲ್ಲ. ಮೇಲ್ವಿಚಾರಕನನ್ನು ಮರ್ಯಾದೆಯಿಂದ ಕೇಳಿಕೊಂಡ: ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ಪರೀಕ್ಷೆ ಮಾಡಿ ನೋಡಿ ಎಂದ. ಯಾವುದಕ್ಕೆ ಒಪ್ಪಬೇಕು, ಎಲ್ಲಿ ನಿಲ್ಲಬೇಕು, ಹೇಗೆ ಕೇಳಬೇಕು, ಯಾರ ಜೊತೆ ನಿಲ್ಲಬೇಕು, ನಾಲ್ಕೂ ಪಾಠ ಆ ಒಂದೇ ಅಧ್ಯಾಯದಲ್ಲಿವೆ. ನಾವು ನಾಲ್ಕನ್ನೂ ಬಿಟ್ಟು ಸಿಂಹ ಹಿಡಿದುಕೊಂಡೆವು. ಸಿಂಹ ನೋಡಲು ಚೆನ್ನಾಗಿದೆ, ನಿಜ.

ಇದರ ಫಲ ಗಣೇಶನ ಹಬ್ಬದಲ್ಲಿ ಕಾಣುತ್ತದೆ. ಗೆಳೆಯನ ಮನೆಯಲ್ಲಿ ಕಡುಬು ತಿನ್ನಬಹುದೇ ಎಂದು ಕೇಳುವ ಮಗುವಿಗೂ, ಗೆಳೆಯ ಕೊಟ್ಟ ವೇಪ್ ಎಳೆಯಬಹುದೇ ಎಂದು ಕೇಳುವ ಮಗುವಿಗೂ ನಾವು ಒಂದೇ 'ಬೇಡ' ಕೊಡುತ್ತೇವೆ. ಒಂದು ಪಕ್ಕದ ಮನೆಯ ಪ್ರೀತಿ, ಇನ್ನೊಂದು ಒತ್ತಡ. ಹಬ್ಬದ ಊಟದ ಬಗ್ಗೆ ಇಲ್ಲಿರುವವರಲ್ಲೇ ಎರಡು ಅಭಿಪ್ರಾಯ ಇರಬಹುದು. ಪೌಲನೂ ಕೊರಿಂಥದವರಿಗೆ ಈ ವಿಷಯವಾಗಿ ಉದ್ದವಾಗಿಯೇ ಬರೆಯಬೇಕಾಯಿತು. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮಗು ತಕ್ಕಡಿಯನ್ನೇ ಬಿಸಾಡುತ್ತದೆ.

ಮನಶ್ಶಾಸ್ತ್ರದ ಮಾತನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ನಿಮ್ಹಾನ್ಸ್‌ನಿಂದ ಬಂದಿರುವ ಡಾಕ್ಟರ್ ಮೇಡಂ ಆಡುತ್ತಾರೆ. 2014ರಲ್ಲಿ ನಿಮ್ಹಾನ್ಸ್ ಮೊಬೈಲ್ ಗೀಳಿಗೇ ಬೇರೆ ಚಿಕಿತ್ಸಾಲಯ ತೆರೆದ ಮೇಲೆ ನಮ್ಮ ಮಕ್ಕಳ ಕಥೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಗೆಳೆಯರು ಪಕ್ಕದಲ್ಲಿದ್ದರೆ ಹರೆಯದವರು ಹೆಚ್ಚು ಅಪಾಯಕ್ಕೆ ಕೈ ಹಾಕುತ್ತಾರೆ ಎಂದು 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ತೋರಿಸಿದ್ದನ್ನೂ ಅವರಿಗೇ ಬಿಡುತ್ತೇನೆ. ಅಂತಿಯೋಕ್ಯದಲ್ಲಿ ಯೆರೂಸಲೇಮಿನವರು ಬಂದ ಕೂಡಲೇ ಪೇತ್ರ ಅನ್ಯಜನರ ಪಂಕ್ತಿಯಿಂದ ಎದ್ದು ಹೋದ ಪ್ರಸಂಗದ ಮೇಲೆ ದೇವಜ್ಞಾನ ಕಾಲೇಜಿನ ನಮ್ಮ ಮಿತ್ರರು ಪ್ರಬಂಧ ತಂದಿದ್ದಾರೆ. ಓರಗೆಯವರ ಒತ್ತಡ ಮಕ್ಕಳ ಕಾಯಿಲೆ ಮಾತ್ರವಲ್ಲ ಎಂಬುದು ಆಗ ಗೊತ್ತಾಗುತ್ತದೆ.

ನಾನು ಒಂದೇ ಪ್ರಯೋಗ ಎತ್ತಿಕೊಳ್ಳುತ್ತೇನೆ. 1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ವಿದ್ವಾಂಸ ಕಾಲೇಜು ಹುಡುಗರಿಗೆ ಗೆರೆಗಳನ್ನು ತೋರಿಸಿ ಯಾವುದು ಯಾವುದಕ್ಕೆ ಸಮ ಎಂದು ಕೇಳಿದ. ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಹೇಳುತ್ತಿದ್ದರು. ಕಣ್ಣಿಗೆ ಕಾಣುವ ಗೆರೆಯನ್ನೂ ಬಿಟ್ಟು ಹುಡುಗರು ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ಉತ್ತರವನ್ನೇ ಹೇಳಿದರು. ಆಮೇಲೆ ಆಶ್ ಒಂದು ಸಣ್ಣ ಬದಲಾವಣೆ ಮಾಡಿದ. ಆ ಗುಂಪಿನಲ್ಲಿ ಸರಿ ಉತ್ತರ ಹೇಳುವ ಒಬ್ಬನನ್ನು ಕೂರಿಸಿದ. ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಪರೀಕ್ಷೆಗೆ ಕೂತ ಹುಡುಗನಿಗೆ ಯಾರೂ ಧೈರ್ಯದ ಉಪದೇಶ ಮಾಡಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಇದ್ದ, ಅಷ್ಟೇ.

ನಮ್ಮ ನಾಡಿನ ಹಿರಿಯರಿಗೆ ಇದು ಪ್ರಯೋಗವಿಲ್ಲದೆಯೇ ಗೊತ್ತಿತ್ತು. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಅವರೂ ಒಬ್ಬರೇ ಇರಲಿಲ್ಲ, ಜೊತೆಗೆ ಇನ್ನಿಬ್ಬರು ಬ್ರಾಹ್ಮಣ ತರುಣರಿದ್ದರು. ಜಾತಿ ಬಿಟ್ಟವನಿಗೆ ಕಸುಬು, ಮನೆ, ಬಾವಿಯ ನೀರು ಎಲ್ಲವೂ ತಪ್ಪುತ್ತದೆ, ಬರೀ ಪ್ರಾರ್ಥನೆ ಹೇಳಿಕೊಟ್ಟರೆ ಸಾಲದು ಎಂದು ಬಾಸೆಲ್ ಮಿಶನ್ ನೇಯ್ಗೆಗೂ ಹೆಂಚಿನ ಕಾರ್ಖಾನೆಗೂ ಕೈ ಹಾಕಿತು. ನಂಬಿಕೆಗೆ ಜೊತೆ ಬೇಕು, ಜೊತೆಗೆ ಸೂರು ಬೇಕು ಎಂದು ಅವರು ಕಂಡುಕೊಂಡಿದ್ದರು.

ಈಗ ನನ್ನ ಬಗೆಹರಿಯದ ಪ್ರಶ್ನೆಗೆ ಬರುತ್ತೇನೆ. ಹಿಂದಿನ ಸಾಲಿನಲ್ಲಿ ಕೂತಿರುವ ನನ್ನ ಹಳೆಯ ವಿದ್ಯಾರ್ಥಿಗಳು ನಗುತ್ತಿದ್ದಾರೆ, ಅವರು ಇದನ್ನು ಮೊದಲೇ ಕೇಳಿದ್ದಾರೆ.

ವಿ.ಬಿ.ಎಸ್., ಅಂದರೆ ರಜಾ ಬೈಬಲ್ ಶಾಲೆಯ ಕೊನೆಯ ದಿನ. ಬೇಸಿಗೆ ರಜೆ, ತಗಡಿನ ಶೀಟಿನ ಕೆಳಗೆ ನೂರಕ್ಕೆ ಮೇಲ್ಪಟ್ಟು ಮಕ್ಕಳು. ಆ ವರ್ಷದ ವಿಷಯ 'ಗುಂಪಿನ ಹಿಂದೆ ಹೋಗಬೇಡ'. ಮೈಕ್ ನನ್ನ ಕೈಯಲ್ಲಿತ್ತು. ಎಲ್ಲರೂ ಕಣ್ಣು ಮುಚ್ಚಿ, ಯೇಸುವಿಗೆ ಹೃದಯ ಕೊಡುವವರು ಕೈ ಎತ್ತಿ ಎಂದೆ. ಮೂರನೇ ಸಾಲಿನ ಒಬ್ಬ ಹುಡುಗ ಒಂದು ಕಣ್ಣು ತೆರೆದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡೂ ಕಡೆ ಕೈ ಮೇಲಿತ್ತು. ಅವನೂ ಎತ್ತಿದ. ಆ ರಾತ್ರಿ ರಿಪೋರ್ಟಿನಲ್ಲಿ ಸಂಖ್ಯೆ ಬರೆದೆ, ಅವನನ್ನೂ ಸೇರಿಸಿಯೇ.

ಆ ಕೈ ಏನು? ನಂಬಿಕೆಯ ಮೊದಲ ಹೆಜ್ಜೆಯೋ, ಒತ್ತಡಕ್ಕೆ ಬಾಗುವ ಅಭ್ಯಾಸದ ಮೊದಲ ಪಾಠವೋ? ಇವತ್ತು ನನ್ನ ಮೈಕಿಗೆ ಕೈ ಎತ್ತಿದವನು ನಾಳೆ ಕಾಂಪೌಂಡಿನ ಹಿಂದೆ ಕೈ ಚಾಚುವುದಿಲ್ಲ ಎನ್ನಲು ನನ್ನ ಹತ್ತಿರ ಏನು ಆಧಾರವಿದೆ? ಹಾಗೆಂದು ಆ ಕೈ ಸುಳ್ಳು ಎಂದು ತಳ್ಳಿಹಾಕಲೂ ಆಗುವುದಿಲ್ಲ. ನಾನು ಮೊದಲು ಚರ್ಚಿಗೆ ಹೋದದ್ದು ಅಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದದ್ದರಿಂದ. ಬೇರೆಯವರ ನಂಬಿಕೆಯ ಮೇಲೆ ಕೂತು ಬರುವುದೂ ಒಂದು ದಾರಿಯೇ. ಎಲ್ಲಿ ಇಳಿದು ನಡೆಯಲು ಶುರು ಮಾಡುತ್ತೇವೆ ಎಂಬುದು ನನಗೆ ನಲವತ್ತು ವರ್ಷದಲ್ಲಿ ತಿಳಿದಿಲ್ಲ.

ತಿಳಿದದ್ದು ಒಂದನ್ನು ಹೇಳಿ ಮುಗಿಸುತ್ತೇನೆ. ನನಗೆ ಹದಿನಾಲ್ಕು ವಯಸ್ಸು. ಮಿಲ್ಲಿನ ಗೋಡೆಯ ಪಕ್ಕ ನಾವು ಐದು ಜನ ಹುಡುಗರು. ಬೀಡಿ ಒಬ್ಬರಿಂದ ಒಬ್ಬರಿಗೆ ಬರುತ್ತಿತ್ತು, ನನ್ನ ಸರದಿ ಹತ್ತಿರವಾಗುತ್ತಿತ್ತು. ಆ ವರ್ಷ ಕಂಠಪಾಠದಲ್ಲಿ ನನಗೆ ಮೊದಲ ಬಹುಮಾನ. ನಂಬಿ, ಒಂದು ವಾಕ್ಯವೂ ನಾಲಿಗೆಗೆ ಬರಲಿಲ್ಲ. ನನಗಿಂತ ಮೊದಲಿದ್ದವನು, ಪಕ್ಕದ ಸಾಲಿನ ಮುಸ್ಲಿಂ ಹುಡುಗ, ಬೀಡಿಯನ್ನು ಮುಟ್ಟದೆ ಎದ್ದ. 'ನಂಗೆ ಬೇಡಪ್ಪಾ. ನೀನೂ ಬಾರೋ, ಮನೆಗೆ ಹೋಗಣ' ಎಂದ. ಹೋದೆವು. ಅಷ್ಟೇ ಕಥೆ. ನನ್ನ ಪಾಲಿನ ಅಜರ್ಯ ನಮ್ಮ ಸಭೆಯ ರಿಜಿಸ್ಟರಿನಲ್ಲಿ ಇರಲಿಲ್ಲ. ದೇವರು ಅವನನ್ನು ಆ ಗೋಡೆಯ ಹತ್ತಿರ ಕೂರಿಸಿದ್ದ ಎಂದು ನಾನು ನಂಬುತ್ತೇನೆ. ನನ್ನ ದೇವಜ್ಞಾನದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ.

ಅವತ್ತು ಅವನು ಎದ್ದಿರದಿದ್ದರೆ? ಸೇದುತ್ತಿದ್ದೆ. ಸೇದಿದ್ದರೆ ನನ್ನನ್ನು ಏನು ಮಾಡಬೇಕಿತ್ತು? ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಲ ಗೊತ್ತಿಲ್ಲ ಎಂದ ಪೇತ್ರನನ್ನು ಯೇಸು ಮತ್ತೆ ಕೆಂಡದ ಹತ್ತಿರವೇ ಕರೆದು, ರೊಟ್ಟಿ, ಮೀನು ಕೊಟ್ಟು, ಆಮೇಲೆ ಮಾತಾಡಿಸಿದ. ನಾವು ಮೊದಲು ಮಾತಾಡಿಸುತ್ತೇವೆ, ಅದೂ ಅಪ್ಪ ಅಮ್ಮನ ಎದುರಿಗೆ. ಬಿದ್ದ ಮಗುವಿಗೆ ತಿಂಡಿ ಮೊದಲು, ಪ್ರಶ್ನೆ ಆಮೇಲೆ. ಈ ಕ್ರಮವನ್ನಾದರೂ ಸುವಾರ್ತೆಯಿಂದ ಕಲಿಯೋಣ.

ಸಂಘಟಕರು ಸಂಜೆಯ ಸಮಾರೋಪಕ್ಕೆ ನಿರ್ಣಯಗಳನ್ನು ಕೇಳಿದ್ದಾರೆ. ನನ್ನದು ಒಂದೇ ವಿನಂತಿ. ಮುಂದಿನ ಭಾನುವಾರ ನಿಮ್ಮ ಕ್ಲಾಸಿನಲ್ಲಿ ಯಾರ ಕೈಯನ್ನೂ ಎತ್ತಿಸಬೇಡಿ. ಒಂದೊಂದು ಮಗುವನ್ನೂ ಬೇರೆಯಾಗಿ ಕೂರಿಸಿಕೊಂಡು, 'ನೀನು ಬೇಡ ಅಂದಾಗ ನಿನ್ನ ಜೊತೆ ಎದ್ದು ಬರೋರು ಯಾರು?' ಎಂದು ಕೇಳಿ. ಹೇಳಿದ ಹೆಸರು ಯಾವ ಜಾತಿ, ಯಾವ ಸಭೆ ಎಂದು ಕೇಳಬೇಡಿ. ಯಾವ ಹೆಸರನ್ನೂ ಹೇಳಲಾಗದೆ ಸುಮ್ಮನೆ ಕೂತ ಮಕ್ಕಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಈ ವರ್ಷದ ನಿಮ್ಮ ಕೆಲಸ ಆ ಮಕ್ಕಳೇ.