ಕೈಯಲ್ಲಿರೋ ತೆರೆ, ಕಿವಿಗೆ ಬೀಳೋ ನುಡಿ

ಫ್ಲೆಮಿಂಗ್ಸ್‌ಬೆರ್ಯ್‌ನ ಕನ್ನಡಿಗ ಗೆಳೆಯರೇ,

ಮುಂಚೆ ಮನೆಗೊಂದೇ ಟಿವಿ. ಊರಿಂದ ತಂದ ಡಿವಿಡಿ ಹಾಕಿದ್ರೆ ಮಕ್ಕಳೂ ಬೇರೆ ದಾರಿಯಿಲ್ದೆ ಅಣ್ಣಾವ್ರ ಸಿನಿಮಾ ನೋಡ್ತಿದ್ರು! ಈಗ ಕೈಗೊಂದು ಫೋನು, ಕಿವಿಗೆ ಇಯರ್‌ಫೋನು. ಪಕ್ಕದಲ್ಲೇ ಕೂತಿರೋ ಮಗು ಯಾವ ನುಡಿ ಕೇಳ್ತಿದೆ ಅನ್ನೋದೇ ಗೊತ್ತಾಗಲ್ಲ.

2022ರ 'ಕಾಂತಾರ'ನೇ ತೊಗೊಳ್ಳಿ. ಕನ್ನಡದ್ದು ಪ್ರೈಮ್ ವಿಡಿಯೋಗೆ ಬಂತು, ನೆಟ್‌ಫ್ಲಿಕ್ಸ್‌ಗೆ ಬಂದಿದ್ದು ಹಿಂದಿ ಡಬ್ಬಿಂಗು. ಅಂದ್ರೆ ಕರಾವಳಿಯ ದೈವದ ಕಥೆಯನ್ನ ನಮ್ಮ ಮಗು ಯಾವ ನುಡಿಯಲ್ಲಿ ಕೇಳತ್ತೆ ಅಂತ ತೀರ್ಮಾನ ಮಾಡೋದು ನಾವು ಕಟ್ಟೋ ಚಂದಾ!

ಇಲ್ಲಿನ ಶಾಲೆಗಳಲ್ಲಿ ಕನ್ನಡದಂಥ ತಾಯ್ನುಡಿಯ ಪಾಠ ಕಡ್ಡಾಯವಾಗೋದು ಮುನಿಸಿಪಾಲಿಟಿಯಲ್ಲಿ 5 ಮಕ್ಕಳಾದ್ರೂ ಕೇಳಿದಾಗ, ಅದೂ ತಕ್ಕ ಮೇಷ್ಟ್ರು ಸಿಕ್ಕರೆ. ಅಲ್ಲೀವರೆಗೂ ಮನೆಯ ತೆರೆಯೇ ಪಾಠಶಾಲೆ. ಚಂದಾ ಕಟ್ಟೋ ಮುಂಚೆ ಕನ್ನಡ ಇದೆಯಾ ನೋಡಿ, ಇಲ್ದಿದ್ರೆ ಬರೆದು ಕೇಳಿ. ಐದು ಮಕ್ಕಳ ಹೆಸರನ್ನ ಇವತ್ತೇ, ಇಲ್ಲೇ ಬರ್ಕೊಳ್ಳೋಣ.