ತುಕ್ಕು ಮುಚ್ಚಿದರೆ ರಿಪೇರಿಯಲ್ಲ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಎರಡು ಮಾತನಾಡಬೇಕೆಂದು ನಮ್ಮನ್ನು ಕರೆದಿರಿ. ನಾವು ಭಾಷಣಕಾರರಲ್ಲ, ಗ್ಯಾರೇಜಿನಲ್ಲಿ ತಗಡು ಬಡಿದು, ಬೆಸೆದು ಹೊಟ್ಟೆ ಹೊರೆಯುವವರು. ಆದುದರಿಂದ ನಮಗೆ ಗೊತ್ತಿರುವುದನ್ನೇ ಹೇಳುತ್ತೇವೆ. ಹಳೆಯ ಕಾರಿನ ಒಡಲಿಗೆ ತುಕ್ಕು ಹಿಡಿದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಇಂದಿನ ವಿಷಯ.

ತುಕ್ಕಿನ ಪರಿಚಯ ನಿಮಗೆ ಮಾಡಿಸಬೇಕಾಗಿಲ್ಲ. ಕಬ್ಬಿಣದ ದೋಸೆ ಕಾವಲಿಯನ್ನು ತೊಳೆದು ಒರೆಸದೆ ಬಿಟ್ಟರೆ ಬೆಳಗಾಗುವುದರೊಳಗೆ ಅದರ ಮೈ ಕೆಂಪಾಗುತ್ತದೆ. ಯಂತ್ರಕ್ಕೆ ಎಣ್ಣೆ ತಪ್ಪಿದರೆ ಏನಾಗುವುದೆಂದು ಗಿರಣಿಯಲ್ಲಿ ದುಡಿದ ಹಿರಿಯರು ಬಲ್ಲರು. ಕಬ್ಬಿಣ, ನೀರು, ಗಾಳಿ ಮೂರೂ ಕೂಡಿದರೆ ತುಕ್ಕು. ಉಪ್ಪೂ ಸೇರಿಕೊಂಡರೆ ಅದರ ಓಟ ಇನ್ನೂ ಜೋರು. ನಮ್ಮ ಮುಂಬಯಿಯಲ್ಲಿ ನಾಲ್ಕು ತಿಂಗಳು ಮಳೆ, ವರ್ಷವಿಡೀ ಕಡಲ ಗಾಳಿ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಕ್ಕೀತು?

ಈ ಊರಿನವರಿಗೆ ಹಳೆಯ ಕಾರೆಂದರೆ ಮೊದಲು ನೆನಪಾಗುವುದು ಪದ್ಮಿನಿ. ಇಟಲಿಯಲ್ಲಿ 1953ರಲ್ಲಿ ಹೊಸ ರೂಪ ತಾಳಿದ ಫಿಯೆಟ್ 1100 ಕಾರೇ ಇದರ ಮೂಲ. ಕುರ್ಲಾದ ಪ್ರೀಮಿಯರ್ ಕಾರಖಾನೆಯಲ್ಲಿ ತಯಾರಾಗಿ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. 2023ರ ಅಕ್ಟೋಬರ್ ಕೊನೆಗೆ ಈ ಊರಿನಲ್ಲಿ ಅದರ ಟ್ಯಾಕ್ಸಿಯ ಓಟ ಮುಗಿಯಿತು. ಮನೆಯ ಗಾಡಿಯಾಗಿ ಪ್ರೀತಿಯಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ.

ಲಾರಿಗಾದರೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ. ಪದ್ಮಿನಿಗೆ ಅಂಥದಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೊಳ್ಳು ಪೆಟ್ಟಿಗೆಯಂಥ ಹೊಸ್ತಿಲು, ಕಂಬ, ಚಾವಣಿ ಎಲ್ಲವೂ ಬೆಸೆದುಕೊಂಡ ಒಡಲೇ ಅದರ ಚಾಸಿ. ಹೊಸ್ತಿಲು ಹೋಯಿತೆಂದರೆ ಗಾಡಿಯ ಬೆನ್ನುಮೂಳೆ ಹೋದಂತೆ.

ಒಂದು ಮಳೆಗಾಲ ಮುಗಿದ ಮೇಲೆ ಅಂಥ ಗಾಡಿಯೊಂದು ನಮ್ಮಲ್ಲಿಗೆ ಬಂದಿತು. ಹೊರಗೆ ಕನ್ನಡಿಯಂಥ ಬಣ್ಣ. ಹೊಸ್ತಿಲಿಗೆ ಜಾಕು ಕೊಟ್ಟೆವು. ಗಾಡಿ ಏಳಲಿಲ್ಲ, ಜಾಕಿನ ತಲೆಯೇ ತಗಡಿನೊಳಕ್ಕೆ ಹೋಯಿತು. ಕೆರೆದು ನೋಡಿದರೆ ಒಳಗೆ ಹಳೆಯ ಪೇಪರು, ಮೇಲೆ ಬೆರಳು ದಪ್ಪ ಪುಟ್ಟಿ, ಅದರ ಮೇಲೆ ಬಣ್ಣ. ಹಿಂದೆ ಯಾರೋ ಮಾಡಿದ ‘ರಿಪೇರಿ’ ಅದು. ಯಜಮಾನರು ನಮ್ಮ ಉಡುಪಿ ಕಡೆಯವರೇ. “ಮೇಲೊಂದು ತಗಡು ಹೊಡೆದು ಬಣ್ಣ ಬಳಿದು ಕೊಡಿ ಮಾರಾಯ್ರೆ, ಬರುವ ವಾರ ಊರಲ್ಲಿ ಮದುವೆ, ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕು” ಎಂದರು.

ಒಪ್ಪಿಕೊಂಡಿದ್ದರೆ ಎರಡು ದಿನದಲ್ಲಿ ಹಣ ಕೈಗೆ ಬರುತ್ತಿತ್ತು. ಆದರೆ ಘಟ್ಟದ ತಿರುವಿನಲ್ಲಿ ಆ ಒಡಲು ಬಾಗಿದರೆ? ಪುಟ್ಟಿ ಭಾರ ಹೊರುವುದಿಲ್ಲ. ಆಗುವುದಿಲ್ಲವೆಂದೆವು. ಅವರು ಸಿಟ್ಟಾದರು. ಕಿತ್ತ ಚೂರನ್ನು ಅವರ ಕೈಗಿತ್ತು, ಹಿಚುಕಿ ನೋಡಿರೆಂದೆವು. ಬೆರಳಲ್ಲೇ ಪುಡಿಯಾಯಿತು. ಆಮೇಲೆ ಅವರು ಮಾತನಾಡಲಿಲ್ಲ. ಗಾಡಿ ಬಿಟ್ಟು, ಮದುವೆಗೆ ರೈಲಿನಲ್ಲಿ ಹೋದರು.

ಕೆಲಸ ಮಾಡಿದ ಬಗೆ ಹೀಗೆ. ಮೊದಲು ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲ್ ಟಾಕಿ, ಸೀಟು, ಹಾಸು ಎಲ್ಲ ಹೊರಗಿಟ್ಟೆವು. ಬೆಂಕಿಯ ಕೆಲಸದಲ್ಲಿ ಇದನ್ನು ಮರೆಯುವಂತಿಲ್ಲ. ಚೂಪು ಸಲಾಕೆಯಿಂದ ಅಡಿಯನ್ನೆಲ್ಲ ಚುಚ್ಚಿ, ಮೆದುವಾದ ಕಡೆಗೆಲ್ಲ ಸೀಮೆಸುಣ್ಣದ ಗುರುತು ಹಾಕಿದೆವು. ಮೇಲ್ಮೈಯ ತುಕ್ಕನ್ನು ತಂತಿಬ್ರಶ್ಶಿನಿಂದ ಉಜ್ಜಿ ತೆಗೆಯಬಹುದು. ತೂತು ಬಿದ್ದದ್ದನ್ನು ಕತ್ತರಿಸಲೇಬೇಕು.

ಕತ್ತರಿಸುವ ಮುಂಚೆ ಗಾಡಿಯನ್ನು ಸಮತಟ್ಟಾಗಿ, ಗಟ್ಟಿ ಜಾಗಗಳಲ್ಲಿ ಆಧಾರ ಕೊಟ್ಟು ನಿಲ್ಲಿಸಬೇಕು. ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಬಿಗಿಯಬೇಕು. ಇಲ್ಲವಾದರೆ ಹೊಸ್ತಿಲು ಕೊಯ್ದೊಡನೆ ಒಡಲು ನಡುವೆ ಜಗ್ಗುತ್ತದೆ, ಮತ್ತೆ ಬಾಗಿಲು ಕೂಡುವುದಿಲ್ಲ. ಒಂದು ಬದಿ ಮುಗಿಯದೆ ಇನ್ನೊಂದನ್ನು ಮುಟ್ಟಬಾರದು.

ತುಕ್ಕಿನ ಅಂಚಿಗೆ ನಿಲ್ಲದೆ, ಹೊಳೆಯುವ ಗಟ್ಟಿ ತಗಡು ಸಿಗುವವರೆಗೂ ಕೊಯ್ದೆವು. ರಟ್ಟಿನಲ್ಲಿ ಅಳತೆ ಕತ್ತರಿಸಿ, ಮೂಲದ ದಪ್ಪಕ್ಕೆ ಕಡಿಮೆಯಿಲ್ಲದ ಉಕ್ಕಿನ ತಗಡನ್ನು ಮಡಿಸಿ ಕೂಡಿಸಿದೆವು. ಬೆಸುಗೆಯನ್ನು ಒಂದೇ ಓಟದಲ್ಲಿ ಎಳೆಯಬಾರದು. ತೆಳು ತಗಡು ಕಾದು ಸೊಟ್ಟಗಾಗುತ್ತದೆ. ಇಲ್ಲೊಂದು ಅಂಗುಲ, ದೂರದಲ್ಲಿ ಇನ್ನೊಂದು ಅಂಗುಲ, ಆರಲು ಬಿಟ್ಟು ಮತ್ತೆ ನಡುವೆ. ಹೀಗೆ ಹೊಲಿದಂತೆ ಬೆಸೆದು, ಬೆಸುಗೆ ಉಜ್ಜಿ, ಜೋಡಣೆಗೆ ಸೀಲು ಹಚ್ಚಿ, ಪ್ರೈಮರು, ಬಣ್ಣ. ಕೊನೆಗೆ ಪೊಳ್ಳಿನೊಳಕ್ಕೆ ತುಕ್ಕು ತಡೆಯುವ ಮೇಣ ಸಿಂಪಡಿಸಿದೆವು.

ಮೂಲ ಕಾರಣವನ್ನು ಬಿಟ್ಟರೆ ಇಷ್ಟೆಲ್ಲ ದುಡಿದದ್ದು ವ್ಯರ್ಥ. ನೀರು ಇಳಿದು ಹೋಗಲೆಂದು ಹೊಸ್ತಿಲಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಆ ಗಾಡಿಯಲ್ಲಿ ಅವು ಕೆಸರಿನಿಂದ ಮುಚ್ಚಿದ್ದವು. ನೀರು ಒಳಗೇ ನಿಂತು ತಗಡನ್ನು ತಿಂದಿತ್ತು. ಗಾಡಿಯಿರುವವರು ಮಳೆಗಾಲದ ಮುಂಚೆ ಒಂದು ತಂತಿಯಿಂದ ಅವನ್ನು ಬಿಡಿಸಲಿ, ಹಾಸನ್ನು ಎತ್ತಿ ನೆಲವನ್ನು ಒಣಗಿಸಲಿ. ಕಾಸಿನ ಖರ್ಚಿಲ್ಲ.

ಯಜಮಾನರು ಊರಿನಿಂದ ಬಂದಾಗ ಕೆಲಸ ಅರ್ಧ ಆಗಿತ್ತು. ಬಂದು ಅಡಿಯಲ್ಲಿ ಮಲಗಿ ಬೆಸುಗೆ ನೋಡಿದರು. ಮಾತಾಡಿದ ಹಣವನ್ನು ಚೌಕಾಸಿಯಿಲ್ಲದೆ ಕೊಟ್ಟರು.

ಬಂಧುಗಳೆ, ಮುಚ್ಚಿಕೊಡಿರೆಂದು ಹೇಳುವವರು ಎಲ್ಲ ಕಸುಬಿನಲ್ಲೂ ಇದ್ದಾರೆ. ಹಳಸಿದ ಸಾಂಬಾರಿಗೆ ಮತ್ತೊಂದು ಒಗ್ಗರಣೆ ಹಾಕು ಎಂದು ನಿಮಗೂ ಹೇಳಿದವರಿರಬಹುದು. ಆ ಕೆಲಸವನ್ನು ನಂಬಿ ಉಣ್ಣುವವರು, ಕೂರುವವರು ನಮ್ಮಂಥವರೇ. ಆಗುವುದಿಲ್ಲ ಎಂದು ಹೇಳಲು ಒಬ್ಬನಿಗೆ ಹೆದರಿಕೆಯಾಗುವುದು ಸಹಜ. ಹಾಗೆ ಹೇಳಿದವನ ಜೊತೆಗೆ ನಿಲ್ಲುವುದಕ್ಕೇ ನಮ್ಮ ಸಂಘ ಇರುವುದು.